ಚಕ್ ಕೂಪರ್: ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಕಪ್ಪು ವರ್ಣೀಯ ಆಟಗಾರನ ಬದುಕು

1950ರ ಏಪ್ರಿಲ್ 25. ಅಮೆರಿಕದ ಶಿಕಾಗೊ ನಗರದಲ್ಲಿ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡಗಳ ಮಾಲೀಕರು ಸಭೆ ಸೇರಿದ್ದರು. ಕಾಲೇಜು ಮುಗಿಸಿ ಬರುತ್ತಿರುವ ಹುಡುಗರಲ್ಲಿ ಯಾರು ಯಾವ ತಂಡಕ್ಕೆ ಎಂದು ಹಂಚಿಕೊಳ್ಳುವ ವಾರ್ಷಿಕ ಡ್ರಾಫ್ಟ್ ಅದು. ಮೊದಲ ಸುತ್ತು ಮುಗಿಯಿತು. ಎರಡನೇ ಸುತ್ತಿನ ಮೊದಲ ಸರದಿ ಬಾಸ್ಟನ್ ಸೆಲ್ಟಿಕ್ಸ್ ತಂಡದ್ದು. ಮಾಲೀಕ ವಾಲ್ಟರ್ ಬ್ರೌನ್ ಎದ್ದು ಡುಕೇನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಕೂಪರ್ ಹೆಸರು ಹೇಳಿದರು.

ಸಭೆ ಕ್ಷಣಕಾಲ ಸ್ತಬ್ಧವಾಯಿತಂತೆ. ಆ ಹುಡುಗ ಕಪ್ಪು ವರ್ಣೀಯ ಎಂಬುದು ಗೊತ್ತಿದೆಯೇ ಎಂದು ಒಬ್ಬರು ಕೇಳಿದರಂತೆ. ಮೈಬಣ್ಣ ಹೇಗಿದ್ದರೂ ತನಗೇನೂ ಆಗಬೇಕಿಲ್ಲ, ಆಟ ಬಂದರೆ ಸಾಕು ಎಂಬ ಅರ್ಥದಲ್ಲಿ ಬ್ರೌನ್ ಉತ್ತರ ಕೊಟ್ಟರು ಎಂದು ಆ ದಿನದ ಕಥೆಯನ್ನು ಇಂದಿಗೂ ಹೇಳುತ್ತಾರೆ. ಎನ್‌ಬಿಎ ಡ್ರಾಫ್ಟ್‌ನಲ್ಲಿ ಕಪ್ಪು ವರ್ಣೀಯ ಆಟಗಾರನೊಬ್ಬ ಆಯ್ಕೆಯಾಗಿದ್ದು ಅದೇ ಮೊದಲು.

ಠಾಣೆಯ ಘೋಡಬಂದರ್ ರಸ್ತೆಯ ಎಷ್ಟೋ ಹೌಸಿಂಗ್ ಸೊಸೈಟಿಗಳಲ್ಲಿ ಈಗ ಪುಟ್ಟದೊಂದು ಬ್ಯಾಸ್ಕೆಟ್‌ಬಾಲ್ ಕೋರ್ಟ್ ಇರುತ್ತದೆ. ಸಂಜೆ ಅಲ್ಲಿ ಚೆಂಡು ಕುಟ್ಟುವ ಕನ್ನಡದ ಮನೆಯ ಮಕ್ಕಳಿಗೂ ಮೈಕೆಲ್ ಜೋರ್ಡನ್, ಲೆಬ್ರಾನ್ ಜೇಮ್ಸ್ ಹೆಸರು ಬಾಯಿಪಾಠ. ಆದರೆ ಅವರೆಲ್ಲರಿಗೂ ಬಾಗಿಲು ತೆರೆದ ಕೂಪರ್ ಹೆಸರು ಅಮೆರಿಕದಲ್ಲೇ ಬಹುಕಾಲ ಮರೆತುಹೋಗಿತ್ತು.

ಏನಿದು ಡ್ರಾಫ್ಟ್?

ಐಪಿಎಲ್, ಪ್ರೊ ಕಬಡ್ಡಿ ನೋಡಿದವರಿಗೆ ಹರಾಜು ಗೊತ್ತು. ಹೆಚ್ಚು ಹಣ ಕೂಗಿದವರಿಗೆ ಆಟಗಾರ. ಡ್ರಾಫ್ಟ್ ಹಾಗಲ್ಲ. ಇಲ್ಲಿ ಹಣದ ಕೂಗಾಟವಿಲ್ಲ, ಸರದಿ ಮಾತ್ರ. ಆ ಕಾಲದಲ್ಲಿ ಹಿಂದಿನ ವರ್ಷ ಕೆಳಗಿದ್ದ ತಂಡಕ್ಕೆ ಮೊದಲ ಆಯ್ಕೆ, ಮೇಲಿದ್ದ ತಂಡಕ್ಕೆ ಕೊನೆಯ ಆಯ್ಕೆ ಸಿಗುತ್ತಿತ್ತು. ದುಡ್ಡಿರುವ ತಂಡವೇ ಒಳ್ಳೆಯ ಹುಡುಗರನ್ನೆಲ್ಲ ಬಾಚಿಕೊಳ್ಳಬಾರದು, ಸಂಬಳವೂ ಏರಬಾರದು ಎಂಬುದು ಮಾಲೀಕರ ಲೆಕ್ಕ. ತಾನು ಎಲ್ಲಿ ಆಡಬೇಕು ಎಂಬುದರಲ್ಲಿ ಆಟಗಾರನಿಗೆ ಮಾತಿಲ್ಲ.

ಎನ್‌ಬಿಎಯ ಹಿಂದಿನ ರೂಪವಾದ ಬಿಎಎ ಲೀಗ್ 1947ರಲ್ಲಿ ಮೊದಲ ಡ್ರಾಫ್ಟ್ ನಡೆಸಿತು. ಮೊದಲ ಆಯ್ಕೆಯಾದ ಕ್ಲಿಫ್ಟನ್ ಮೆಕ್‌ನೀಲಿ ವೃತ್ತಿಪರ ಆಟವೇ ಬೇಡವೆಂದು ಟೆಕ್ಸಾಸ್‌ನಲ್ಲಿ ಶಾಲಾ ತಂಡದ ಕೋಚ್ ಆದರು. ಆಗಿನ ಸಂಪಾದನೆ ಅಷ್ಟರಮಟ್ಟಿಗಿತ್ತು! ಅದೇ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ತಂಡ ಜಪಾನೀ ಮೂಲದ ವಾಟ್ ಮಿಸಾಕಾ ಅವರನ್ನು ಆರಿಸಿತ್ತು. ಆದರೆ ಕಪ್ಪು ವರ್ಣೀಯರಿಗೆ ಬಾಗಿಲು ಮುಚ್ಚಿಯೇ ಇತ್ತು. ಹಾಗೆಂದು ಬರೆದ ನಿಯಮ ಇರಲಿಲ್ಲ. ಬರೆಯದ ನಿಯಮ ಎಷ್ಟು ಗಟ್ಟಿ ಎಂಬುದು ನಮ್ಮ ಊರುಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಅಸ್ಪೃಶ್ಯತೆಯನ್ನು ನಿಷೇಧಿಸುವ ವಿಧಿಯೊಂದಿಗೆ ನಮ್ಮ ಸಂವಿಧಾನ ಜಾರಿಗೆ ಬಂದದ್ದೂ ಅದೇ 1950ರಲ್ಲಿ, ಶಿಕಾಗೊ ಸಭೆಗೆ ಮೂರು ತಿಂಗಳ ಮುಂಚೆ.

ಪಿಟ್ಸ್‌ಬರ್ಗ್‌ನ ಹುಡುಗ

ಚಾರ್ಲ್ಸ್ ಹೆನ್ರಿ ಕೂಪರ್ ಹುಟ್ಟಿದ್ದು 1926ರ ಸೆಪ್ಟೆಂಬರ್ 29ರಂದು, ಉಕ್ಕಿನ ಕಾರ್ಖಾನೆಗಳ ಊರಾದ ಪಿಟ್ಸ್‌ಬರ್ಗ್‌ನಲ್ಲಿ. ತಂದೆ ಅಂಚೆ ಇಲಾಖೆಯ ನೌಕರ. ವೆಸ್ಟಿಂಗ್‌ಹೌಸ್ ಹೈಸ್ಕೂಲ್ ಮುಗಿಸಿ ವೆಸ್ಟ್ ವರ್ಜೀನಿಯಾದ ಕಾಲೇಜಿಗೆ ಸೇರಿದರು. ಅಷ್ಟರಲ್ಲಿ ಎರಡನೇ ಮಹಾಯುದ್ಧದ ಕರೆ ಬಂತು. ನೌಕಾಪಡೆಯಲ್ಲಿ ಸೇವೆ ಮುಗಿಸಿ ಬಂದವರು ತಮ್ಮ ಊರಿನ ಡುಕೇನ್ ವಿಶ್ವವಿದ್ಯಾಲಯ ಸೇರಿದರು.

ಸೇರಿದ ಮೊದಲ ವರ್ಷವೇ, 1946ರ ಡಿಸೆಂಬರ್‌ನಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ತಂಡ ಪಂದ್ಯಕ್ಕೆ ಬಂತು. ಕ್ರೀಡಾಂಗಣದಲ್ಲಿ ಜನ ಸೇರಿದ್ದರು. ಕೂಪರ್ ಅಂಗಳಕ್ಕೆ ಇಳಿಯುವುದಾದರೆ ತಾವು ಆಡುವುದಿಲ್ಲ ಎಂದು ಟೆನೆಸಿ ಕಡೆಯವರು ಪಟ್ಟು ಹಿಡಿದರು. ಕೂಪರ್ ಅವರನ್ನು ಇಳಿಸುವುದೇ ಇಲ್ಲವೆಂದು ಮಾತು ಕೊಡಲು ಡುಕೇನ್ ಒಪ್ಪಲಿಲ್ಲ. ಪಂದ್ಯ ನಡೆಯಲೇ ಇಲ್ಲ, ಜನ ಮನೆಗೆ ವಾಪಸಾದರು. ಆಗ ಕೂಪರ್‌ಗೆ 20 ವರ್ಷ. ದೇಶಕ್ಕಾಗಿ ಸಮವಸ್ತ್ರ ತೊಟ್ಟು ಬಂದ ಹುಡುಗನಿಗೆ ತನ್ನ ಊರಿನ ಪಕ್ಕದಲ್ಲೇ ಆದ ಅನುಭವ ಇದು.

ಆದರೂ ನಾಲ್ಕು ವರ್ಷದಲ್ಲಿ ಅವರು ತಂಡದ ನಾಯಕರಾದರು, ಆಲ್-ಅಮೆರಿಕನ್ ಗೌರವ ಪಡೆದರು. 6 ಅಡಿ 5 ಅಂಗುಲ ಎತ್ತರ. ರಿಬೌಂಡ್ ಮತ್ತು ರಕ್ಷಣೆಯಲ್ಲಿ ಪಳಗಿದ ಕೈ.

ಮಾಲೀಕರ ಭಯ ಯಾವುದು?

ಆ ಕಾಲದಲ್ಲಿ ಪ್ರತಿಭಾವಂತ ಕಪ್ಪು ವರ್ಣೀಯ ಆಟಗಾರರಿಗೆ ಇದ್ದ ದೊಡ್ಡ ದಾರಿ ಒಂದೇ, ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್. ಕಾಲೇಜು ಮುಗಿಸಿದ ಕೂಪರ್ ಕೂಡ ಸ್ವಲ್ಪ ಕಾಲ ಅಲ್ಲಿ ಆಡಿದ್ದರು. ಊರೂರು ತಿರುಗಿ ಆಟದ ಜತೆ ಹಾಸ್ಯವನ್ನೂ ಬೆರೆಸಿ ಜನರನ್ನು ರಂಜಿಸುತ್ತಿದ್ದ ತಂಡವದು. ಎನ್‌ಬಿಎ ಪಂದ್ಯಕ್ಕೆ ಜನ ಬರದ ದಿನಗಳಲ್ಲಿ, ಅದೇ ಟಿಕೆಟ್‌ಗೆ ಗ್ಲೋಬ್‌ಟ್ರಾಟರ್ಸ್ ಆಟವನ್ನೂ ಸೇರಿಸಿದರೆ ಕ್ರೀಡಾಂಗಣ ತುಂಬುತ್ತಿತ್ತು. ಅದರ ಮಾಲೀಕ ಏಬ್ ಸ್ಯಾಪರ್‌ಸ್ಟೈನ್ ಮುನಿಸಿಕೊಂಡರೆ ಗಲ್ಲಾಪೆಟ್ಟಿಗೆಗೇ ಹೊಡೆತ. ಹಾಗಾಗಿ ವರ್ಣಭೇದದ ಹಿಂದೆ ದ್ವೇಷ ಎಷ್ಟಿತ್ತೋ ವ್ಯಾಪಾರದ ಲೆಕ್ಕಾಚಾರವೂ ಅಷ್ಟೇ ಇತ್ತು. ಕೂಪರ್ ಆಯ್ಕೆಯಾದ ಸುದ್ದಿ ಕೇಳಿ ಸ್ಯಾಪರ್‌ಸ್ಟೈನ್ ಸಿಟ್ಟಾದರು, ಬಾಸ್ಟನ್‌ಗೆ ಇನ್ನು ಕಾಲಿಡುವುದಿಲ್ಲ ಎಂದರು. ಬ್ರೌನ್ ಜಗ್ಗಲಿಲ್ಲ.

ಬಾಗಿಲು ಒಮ್ಮೆ ತೆರೆದದ್ದೇ, ಅದೇ ಡ್ರಾಫ್ಟ್‌ನ ಒಂಬತ್ತನೇ ಸುತ್ತಿನಲ್ಲಿ ವಾಷಿಂಗ್ಟನ್ ತಂಡ ಅರ್ಲ್ ಲಾಯ್ಡ್ ಅವರನ್ನು ಆರಿಸಿತು. ನ್ಯೂಯಾರ್ಕ್ ತಂಡ ಗ್ಲೋಬ್‌ಟ್ರಾಟರ್ಸ್‌ನಿಂದ ನ್ಯಾಟ್ ಕ್ಲಿಫ್ಟನ್ ಅವರನ್ನು ಕರೆತಂದಿತು. ವೇಳಾಪಟ್ಟಿಯ ಕಾರಣದಿಂದ ಲಾಯ್ಡ್ ಅಕ್ಟೋಬರ್ 31ರಂದೇ ಅಂಗಳಕ್ಕಿಳಿದರು, ಕೂಪರ್ ಮರುದಿನ. ಎನ್‌ಬಿಎಯಲ್ಲಿ ಆಡಿದ ಮೊದಲ ಕಪ್ಪು ವರ್ಣೀಯ ಎಂಬ ದಾಖಲೆ ಹೀಗೆ ಒಂದೇ ದಿನದ ಅಂತರದಲ್ಲಿ ಕೂಪರ್ ಕೈತಪ್ಪಿತು.

ರಾಲಿಯ ಆ ರಾತ್ರಿ

ಸೆಲ್ಟಿಕ್ಸ್ ಹಿಂದಿನ ವರ್ಷ ಬರೀ 22 ಪಂದ್ಯ ಗೆದ್ದಿತ್ತು. ಹೊಸ ಕೋಚ್ ರೆಡ್ ಔರ್‌ಬ್ಯಾಕ್, ಹೊಸಬರಾದ ಕೂಪರ್ ಮತ್ತು ಬಾಬ್ ಕೂಸಿ ಬಂದ ವರ್ಷ ಗೆಲುವು 39ಕ್ಕೇರಿತು. ಕೂಸಿ ಬಂದದ್ದು ಇನ್ನೂ ವಿಚಿತ್ರ. ಮನೆಯಂಗಳದ ಹುಡುಗನಾದರೂ ಡ್ರಾಫ್ಟ್‌ನಲ್ಲಿ ಸೆಲ್ಟಿಕ್ಸ್ ಅವರನ್ನು ಬಿಟ್ಟುಬಿಟ್ಟಿತ್ತು. ಮುಂದೆ ಶಿಕಾಗೊ ತಂಡ ಮುಚ್ಚಿದಾಗ ಮೂವರು ಆಟಗಾರರ ಹೆಸರನ್ನು ಟೋಪಿಯೊಳಗೆ ಹಾಕಿ ಚೀಟಿ ಎತ್ತಿದರು. ಬಾಸ್ಟನ್ ಪಾಲಿಗೆ ಬಂದದ್ದು ಕೂಸಿ ಚೀಟಿ.

ಇವರಿಬ್ಬರೂ ಗೆಳೆಯರಾದರು. 1952ರಲ್ಲಿ ನಾರ್ತ್ ಕ್ಯಾರೊಲೈನಾದ ರಾಲಿ ಪಟ್ಟಣದಲ್ಲಿ ಪಂದ್ಯ. ತಂಡ ತಂಗಿದ್ದ ಹೋಟೆಲ್‌ನಲ್ಲಿ ಕೂಪರ್‌ಗೆ ಕೋಣೆ ಇಲ್ಲ ಎಂದರು. ಕೂಪರ್ ರಾತ್ರಿ ರೈಲಿಗೆ ಹೊರಟು ನಿಂತಾಗ ಕೂಸಿಯೂ ಜತೆಗೆ ಹೊರಟರು. ರೈಲು ನಿಲ್ದಾಣದಲ್ಲಿ ಶೌಚಾಲಯಕ್ಕೆ ಹೋದರೆ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಎಂಬ ಫಲಕ. ಗೆಳೆಯನ ಮುಖ ನೋಡಲಾಗದೆ ನಾಚಿಕೆಯಿಂದ ಕಣ್ಣು ತುಂಬಿದ್ದನ್ನು ಕೂಸಿ ಎಷ್ಟೋ ವರ್ಷಗಳ ಬಳಿಕವೂ ನೆನೆಯುತ್ತಿದ್ದರು.

ಅಂಗಳದಲ್ಲಿ ಕೂಪರ್‌ಗೆ ಸಿಕ್ಕಿದ್ದು ಎದುರಾಳಿಯನ್ನು ತಡೆಯುವ, ಮೈಗೆ ಮೈ ತಾಗಿಸಿ ಚೆಂಡು ಕಿತ್ತುಕೊಳ್ಳುವ ಕೆಲಸ. ಅಂಕ ಗಳಿಸುವ ಅವಕಾಶ ಬೇರೆಯವರಿಗೆ. ಕಪ್ಪು ವರ್ಣೀಯರು ತಂಡದಲ್ಲಿರಬಹುದು, ತಾರೆಯಾಗಬಾರದು ಎಂಬಂತಿದ್ದ ಆ ವಾತಾವರಣದ ಬಗ್ಗೆ ಅವರಿಗೆ ಕೊನೆವರೆಗೂ ಅಸಮಾಧಾನವಿತ್ತು. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 9.3 ಅಂಕ, 8.5 ರಿಬೌಂಡ್ ಇದ್ದದ್ದು ಆಮೇಲೆ ಇಳಿಯುತ್ತ ಹೋಯಿತು. 1954ರಲ್ಲಿ ಮಿಲ್ವಾಕಿ ಹಾಕ್ಸ್, ಬಳಿಕ ಫೋರ್ಟ್ ವೇಯ್ನ್. ಆರು ವರ್ಷ, 409 ಪಂದ್ಯಗಳಿಗೆ ಎನ್‌ಬಿಎ ಬದುಕು ಮುಗಿಯಿತು.

ಮುಂದಿನದು ನನ್ನ ಮಟ್ಟಿಗೆ ಅವರ ಬದುಕಿನ ಹೆಚ್ಚು ಗಟ್ಟಿಯಾದ ಭಾಗ. ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಪಡೆದು ಕೂಪರ್ ಪಿಟ್ಸ್‌ಬರ್ಗ್‌ಗೆ ಮರಳಿದರು. ನಗರದ ಉದ್ಯಾನ ಮತ್ತು ಕ್ರೀಡಾ ಇಲಾಖೆಯ ನಿರ್ದೇಶಕರಾದರು. ಆ ನಗರದಲ್ಲಿ ಇಲಾಖೆಯೊಂದರ ಮುಖ್ಯಸ್ಥರಾದ ಮೊದಲ ಕಪ್ಪು ವರ್ಣೀಯ ಅವರೇ. ಆಮೇಲೆ ಬ್ಯಾಂಕೊಂದರಲ್ಲಿ ನಗರದ ಹಿಂದುಳಿದ ಬಡಾವಣೆಗಳಿಗೆ ಸಂಬಂಧಿಸಿದ ಕೆಲಸ ನೋಡಿಕೊಂಡರು. 1984ರ ಫೆಬ್ರವರಿ 5ರಂದು, 57ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಅಷ್ಟರಲ್ಲಿ ಡ್ರಾಫ್ಟ್ ಬಹಳ ಬದಲಾಗಿತ್ತು. ತನ್ನ ಊರ ಸುತ್ತಲಿನ ಕಾಲೇಜು ಆಟಗಾರನನ್ನು ತಂಡ ಮೊದಲೇ ಕಾದಿರಿಸಿಕೊಳ್ಳುವ ಪದ್ಧತಿ 1966ರಲ್ಲಿ ಹೋಗಿತ್ತು. ಮೊದಲ ಆಯ್ಕೆಯ ಆಸೆಗೆ ಬೇಕೆಂದೇ ಸೋಲುತ್ತಾರೆ ಎಂಬ ಅನುಮಾನ ಹೆಚ್ಚಿ 1985ರಲ್ಲಿ ಲಾಟರಿ ಬಂತು. 1989ರಿಂದ ಎರಡೇ ಸುತ್ತು. 2015ರಲ್ಲಿ ಪಂಜಾಬಿನ ಬಲ್ಲೋ ಕೇ ಹಳ್ಳಿಯ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ತಂಡ 52ನೇ ಆಯ್ಕೆಯಾಗಿ ಆರಿಸಿದಾಗ, ಭಾರತದಲ್ಲಿ ಹುಟ್ಟಿದವರೊಬ್ಬರ ಹೆಸರು ಮೊದಲ ಬಾರಿಗೆ ಆ ಪಟ್ಟಿ ಸೇರಿತು.

ಲಾಯ್ಡ್ 2003ರಲ್ಲಿ, ಕ್ಲಿಫ್ಟನ್ 2014ರಲ್ಲಿ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಸೇರಿದರು. ಕೂಪರ್ ಸರದಿ ಬಂದದ್ದು 2019ರಲ್ಲಿ, ಅವರು ತೀರಿಕೊಂಡ 35 ವರ್ಷಗಳ ಮೇಲೆ. ಡುಕೇನ್ ವಿಶ್ವವಿದ್ಯಾಲಯ ತನ್ನ ಕ್ರೀಡಾಂಗಣವನ್ನು ನವೀಕರಿಸಿ, 2021ರಲ್ಲಿ ಕೂಪರ್ ಫೀಲ್ಡ್‌ಹೌಸ್ ಎಂಬ ಹೆಸರಿನಲ್ಲಿ ತೆರೆಯಿತು.