ದಾದಿಯರಿಗೆ ವಿದ್ಯೆಯಿತ್ತ ಫ್ಲಾರೆನ್ಸ್ ನೈಟಿಂಗೇಲ್

ಯುದ್ಧ, ಕ್ಷಾಮ, ಪ್ರವಾಹಗಳು ಒದಗಿದಾಗ ನೊಂದವರ ನೆರವಿಗೆ ಧಾವಿಸುವವರಿಗೆ ಕರುಣೆಯೊಂದೇ ಸಾಲದು. ಆಪತ್ತು ಬರುವುದಕ್ಕೆ ಮುನ್ನವೇ ಪಡೆದ ಶಿಕ್ಷಣವೂ ಬೇಕು. ಈ ಸತ್ಯವನ್ನು ಜಗತ್ತಿಗೆ ಮನಗಾಣಿಸಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅಗ್ರಗಣ್ಯರು.

1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಸಿರಿವಂತ ಆಂಗ್ಲ ಮನೆತನದಲ್ಲಿ ಅವರ ಜನನವಾಯಿತು. ದಾದಿಯ ವೃತ್ತಿಗೆ ಅಂದಿನ ಸಮಾಜದಲ್ಲಿ ಗೌರವವಿರಲಿಲ್ಲ. ಮನೆಯವರ ವಿರೋಧಕ್ಕೆ ಮಣಿಯದೆ ಅವರು 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಶುಶ್ರೂಷೆಯನ್ನು ಅಭ್ಯಾಸ ಮಾಡಿದರು.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆಂದು 38 ಮಂದಿ ಮಹಿಳೆಯರೊಡನೆ ತುರ್ಕಿಯ ಸ್ಕುಟಾರಿಗೆ ತೆರಳಿದರು. ಅಲ್ಲಿ ಗಾಯಗಳಿಗಿಂತ ಕಾಲರಾ, ಆಮಶಂಕೆ, ವಿಷಮಜ್ವರಗಳಿಗೆ ಬಲಿಯಾದ ಸೈನಿಕರೇ ಹೆಚ್ಚು. ಪಥ್ಯದ ಆಹಾರ, ಒಗೆದ ಬಟ್ಟೆ, ರಾತ್ರಿಯ ಆರೈಕೆ ಎಲ್ಲವನ್ನೂ ಏರ್ಪಡಿಸಿದರೂ ಆ ಚಳಿಗಾಲದಲ್ಲಿ ಸಾವು ತಗ್ಗಲಿಲ್ಲ. 1855ರಲ್ಲಿ ನೈರ್ಮಲ್ಯ ಆಯೋಗದವರು ಬಂದು ಚರಂಡಿಗಳನ್ನು ತೊಳೆಸಿ, ಗಾಳಿ ನೀರುಗಳನ್ನು ಸರಿಪಡಿಸಿದ ಬಳಿಕ ಅದು ಗಣನೀಯವಾಗಿ ಇಳಿಯಿತು. ಸ್ವದೇಶಕ್ಕೆ ಮರಳಿ ಅಂಕಿ ಅಂಶಗಳನ್ನು ಶೋಧಿಸಿದಾಗ ಈ ಕಟುಸತ್ಯ ಅವರಿಗೆ ಸ್ಪಷ್ಟವಾಯಿತು. ಜ್ಞಾನವಿಲ್ಲದ ಸೇವೆ ಅಪೂರ್ಣವೆಂಬ ಅರಿವೇ ಅವರ ಮುಂದಿನ ಬಾಳಿನ ದಾರಿದೀಪವಾಯಿತು.

ಕೃತಜ್ಞ ಜನತೆ ಅರ್ಪಿಸಿದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ರೋಗಿಗಳ ನಡುವೆಯೇ ಪಾಠ, ಶುಚಿತ್ವ, ಸೂಕ್ಷ್ಮ ಅವಲೋಕನ, ಶಿಸ್ತು ಅಲ್ಲಿನ ಶಿಕ್ಷಣದ ತಿರುಳು. ಅಲ್ಲಿ ಕಲಿತ ಲೂಸಿ ಆಸ್‌ಬರ್ನ್ 1868ರಲ್ಲಿ ಐವರು ದಾದಿಯರೊಡನೆ ಆಸ್ಟ್ರೇಲಿಯದ ಸಿಡ್ನಿಗೆ ಹೋದರು. ಫ್ಲಾರೆನ್ಸ್ ಲೀಸ್ 1870ರಲ್ಲಿ ಆರಂಭವಾದ ಫ್ರಾನ್ಸ್–ಪ್ರಷ್ಯ ಯುದ್ಧದ ಗಾಯಾಳುಗಳಿಗೆ ನೆರವಾದರು. ಹೀಗೆ ಶಾಲೆಯೊಂದರ ವಿದ್ಯೆ ದೇಶದ ಗಡಿಗಳನ್ನು ದಾಟಿತು. ರೆಡ್ ಕ್ರಾಸ್ ಸಂಸ್ಥೆಯ ಸ್ಥಾಪನೆಗೆ ಕಾರಣರಾದ ಹೆನ್ರಿ ಡ್ಯುನಾಂಟರೂ ತಮಗೆ ಸ್ಫೂರ್ತಿಯಿತ್ತವರು ಈಕೆಯೇ ಎಂದು ಸ್ಮರಿಸಿದ್ದಾರೆ.

ಅವರು ಭಾರತದ ನೆಲವನ್ನು ಎಂದೂ ಮೆಟ್ಟಲಿಲ್ಲ. ಆದರೆ ಇಲ್ಲಿನ ಸಂಕಟವನ್ನು ಮರೆಯಲಿಲ್ಲ. 1876–78ರ ಧಾತು–ಈಶ್ವರ ಸಂವತ್ಸರಗಳ ಮಹಾಕ್ಷಾಮ ನಮ್ಮ ಕೋಲಾರ ಸೀಮೆಯನ್ನೂ ಬಾಧಿಸಿತು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ದಕ್ಷಿಣ ಭಾರತದ ಈ ದಾರುಣ ಸ್ಥಿತಿಯನ್ನು ಕಂಡು ಅವರು 1878ರಲ್ಲಿ ಲೇಖನ ಬರೆದು, ರೈತನಿಗೆ ನೀರಾವರಿಯ ಆಸರೆ ಬೇಕೆಂದು ವಾದಿಸಿದರು. ಮಳೆಯನ್ನೂ ಕೆರೆಯನ್ನೂ ನಂಬಿದ ವೇಮಗಲ್ಲಿನಂಥ ಊರುಗಳವರಿಗೆ ಆ ಮಾತಿನ ಬೆಲೆ ಚೆನ್ನಾಗಿ ಗೊತ್ತು.

1910ರ ಆಗಸ್ಟ್ 13ರಂದು ಅವರು ಕಾಲವಶರಾದರು. ಅವರ ಜನ್ಮದಿನ ಅಂತರರಾಷ್ಟ್ರೀಯ ದಾದಿಯರ ದಿನವಾಗಿದೆ. ಯುದ್ಧ ಹಾಗೂ ವಿಪತ್ತುಗಳಲ್ಲಿ ಅಸಾಧಾರಣ ಸೇವೆಗೈದ ಶುಶ್ರೂಷಕರಿಗೆ ರೆಡ್ ಕ್ರಾಸ್ ಅವರ ಹೆಸರಿನ ಪದಕವನ್ನಿತ್ತು ಗೌರವಿಸುತ್ತದೆ. ನಮ್ಮ ಶಾಲೆಗಳ ಹೆಣ್ಣುಮಕ್ಕಳು ಈ ವೃತ್ತಿಯತ್ತ ಹೆಜ್ಜೆಯಿಟ್ಟಾಗ ಅವರಿಗೆ ಓದಿನ ನೆರವೀಯುವುದು, ನಾಳೆಯ ಅಪರಿಚಿತ ನೊಂದವನಿಗೆ ಇಂದೇ ಸಲ್ಲಿಸುವ ಸೇವೆಯಾಗಿದೆ.