ಜನರಲ್ ತಿಮ್ಮಯ್ಯ

ಯುದ್ಧವನ್ನು ಗೆಲ್ಲಬಲ್ಲ ಸೇನಾನಿಗಳು ಹಲವರು. ಶಾಂತಿಯನ್ನು ಕಾಯಬಲ್ಲವರು ವಿರಳ. ಈ ಎರಡು ಕಾರ್ಯಗಳಲ್ಲಿಯೂ ಕೀರ್ತಿ ಪಡೆದವರು ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

1906ರಲ್ಲಿ ಮಡಿಕೇರಿಯಲ್ಲಿ ಜನಿಸಿದ ತಿಮ್ಮಯ್ಯನವರು ಬೆಂಗಳೂರು, ಡೆಹರಾಡೂನ್‌ಗಳಲ್ಲಿ ವ್ಯಾಸಂಗ ಮಾಡಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು, 1926ರಲ್ಲಿ ಸೇನಾಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ತೋರಿದ ಪರಾಕ್ರಮಕ್ಕಾಗಿ ಅವರಿಗೆ ಡಿ.ಎಸ್.ಓ. ಪದಕ ಲಭಿಸಿತು.

1948ರಲ್ಲಿ ಅವರು ಕಾಶ್ಮೀರದಲ್ಲಿ ದಂಡನಾಯಕರಾಗಿದ್ದರು. ಶತ್ರುಗಳು ಜೋಜಿಲಾ ಕಣಿವೆಮಾರ್ಗವನ್ನು ಆಕ್ರಮಿಸಿದ್ದರಿಂದ ಶ್ರೀನಗರದಿಂದ ಲಡಾಖಿಗೆ ಹೋಗುವ ದಾರಿ ಮುಚ್ಚಿಹೋಗಿತ್ತು. ಚಳಿಗಾಲ ಬಲಿಯುವ ಮುನ್ನ ಅದನ್ನು ತೆರೆಯದಿದ್ದರೆ ಲೇಹ್ ನಗರವೇ ಕೈತಪ್ಪುವ ಭಯವಿತ್ತು. ಕಾಲಾಳುಗಳ ದಾಳಿ ಫಲಿಸಲಿಲ್ಲ. ಆಗ ತಿಮ್ಮಯ್ಯನವರು 11,000 ಅಡಿಗಳಿಗೂ ಮೀರಿದ ಆ ಎತ್ತರಕ್ಕೆ ಟ್ಯಾಂಕುಗಳನ್ನೇ ಏರಿಸಲು ನಿಶ್ಚಯಿಸಿದರು. ಮದ್ರಾಸ್ ಸ್ಯಾಪರ್ಸ್ ಪಡೆಯವರು ಹೇಸರಗತ್ತೆಗಳ ಕಿರುದಾರಿಯನ್ನು ಅಗಲಗೊಳಿಸಿದರು. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ಮುಂದಿನ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯನವರಿದ್ದರು. ಅನಿರೀಕ್ಷಿತ ದಾಳಿಗೆ ಶತ್ರುಗಳು ಹಿಮ್ಮೆಟ್ಟಿದರು, ಲಡಾಖ್ ಉಳಿಯಿತು.

1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ಸ್ವದೇಶಕ್ಕೆ ಮರಳಲೊಪ್ಪದ 22,000ಕ್ಕೂ ಹೆಚ್ಚು ಸೆರೆಯಾಳುಗಳ ಸಮಸ್ಯೆ ಉಳಿಯಿತು. ಅದಕ್ಕಾಗಿ ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಎರಡು ಪಕ್ಷಗಳ ಸಂಶಯದ ನಡುವೆಯೂ ಅವರು ನಿಷ್ಪಕ್ಷಪಾತದಿಂದ ಆ ಹೊಣೆಯನ್ನು ನಿರ್ವಹಿಸಿದರು. 1954ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು.

1957ರಿಂದ 1961ರವರೆಗೆ ಅವರು ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಿವೃತ್ತರಾದ ಮೇಲೂ ಕರ್ತವ್ಯ ಅವರನ್ನು ಕರೆಯಿತು. 1964ರಲ್ಲಿ, ಗ್ರೀಕರೂ ತುರ್ಕರೂ ಕಾದಾಡುತ್ತಿದ್ದ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕತ್ವವನ್ನು ವಹಿಸಿಕೊಂಡರು. 1965ರ ಡಿಸೆಂಬರ್ 18ರಂದು ಅಲ್ಲಿಯೇ ಕರ್ತವ್ಯನಿರತರಾಗಿದ್ದಾಗ ನಿಧನರಾದರು. ಸೈಪ್ರಸ್ ಸರ್ಕಾರ ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ ಇಂದು ವಸ್ತುಸಂಗ್ರಹಾಲಯವಾಗಿದೆ.