ಮದ್ಯವ್ಯಸನಿಗಳ ಬಂಧು ಬಿಲ್ ವಿಲ್ಸನ್

ಕುಡಿತದ ಪಿಡುಗಿನಿಂದ ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳು ಕಣ್ಣೀರಿಡುತ್ತಿವೆ. ರೋಸ್, ಮದುವೆಗಳ ಸಂಭ್ರಮದಲ್ಲಿ ಆರಂಭವಾದ ಚಟ ಮನೆಯ ಅನ್ನವನ್ನೇ ಕಸಿದುಕೊಂಡ ಉದಾಹರಣೆಗಳನ್ನು ನಾವೆಲ್ಲ ಕಂಡಿದ್ದೇವೆ. ಇಂಥವರಿಗೆ ಆಸರೆಯಾಗಿರುವ 'ಆಲ್ಕೊಹಾಲಿಕ್ಸ್ ಅನಾನಿಮಸ್' (ಎ.ಎ.) ಬಳಗದ ಹೆಸರನ್ನು ಹಲವರು ಕೇಳಿರಬಹುದು. ಆದರೆ ಅದರ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಅವರ ಬದುಕನ್ನು ಅರಿತವರು ಕಡಿಮೆ.

ಬಿಲ್ ಹುಟ್ಟಿದ್ದು 1895ರ ನವೆಂಬರ್ 26ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಈಸ್ಟ್ ಡಾರ್ಸೆಟ್ ಎಂಬ ಹಳ್ಳಿಯಲ್ಲಿ. ತಂದೆ ತಾಯಿ ಬೇರೆಯಾದ ಮೇಲೆ ಅಜ್ಜ ಅಜ್ಜಿಯೇ ಅವರನ್ನು ಸಾಕಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದಾಗ ಕುಡಿತ ಅಂಟಿಕೊಂಡಿತು. 1918ರ ಜನವರಿ 24ರಂದು ಲೂಯಿಸ್ ಅವರನ್ನು ಮದುವೆಯಾದರು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಕೈತುಂಬ ದುಡಿದರೂ ಎಲ್ಲವೂ ಕುಡಿತದ ಪಾಲಾಯಿತು. ಪತ್ನಿ ಅಂಗಡಿಯಲ್ಲಿ ದುಡಿದು ಸಂಸಾರ ಸಾಗಿಸಬೇಕಾಯಿತು.

ಕುಡಿತ ಬಿಡಿಸುವ ಟೌನ್ಸ್ ಆಸ್ಪತ್ರೆಗೆ ಬಿಲ್ ಮತ್ತೆ ಮತ್ತೆ ದಾಖಲಾದರು. ಇದು ಗುಣದೋಷವಲ್ಲ, ರೋಗ ಎಂದು ಅವರಿಗೆ ತಿಳಿಸಿಕೊಟ್ಟವರು ಅಲ್ಲಿನ ಡಾ. ವಿಲಿಯಂ ಸಿಲ್ಕ್‌ವರ್ತ್. 1934ರ ನವೆಂಬರಿನಲ್ಲಿ ಹಳೆಯ ಕುಡುಕ ಗೆಳೆಯನೊಬ್ಬ ಕುಡಿತ ಬಿಟ್ಟು ಮನೆಗೆ ಬಂದು, ದೇವರ ನೆರವಿನಿಂದ ತಾನು ಬದಲಾದ ಬಗೆಯನ್ನು ಹೇಳಿದ. ಡಿಸೆಂಬರ್ 11ರಂದು ಬಿಲ್ ಕೊನೆಯ ಸಲ ಕುಡಿದರು. ಆಸ್ಪತ್ರೆಯ ಕೋಣೆಯಲ್ಲಿ ಆದ ದೈವಿಕ ಅನುಭವದ ನಂತರ ಮತ್ತೆಂದೂ ಮದ್ಯ ಮುಟ್ಟಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 1935ರ ಮೇ ತಿಂಗಳಲ್ಲಿ. ವ್ಯವಹಾರಕ್ಕೆಂದು ಒಹಾಯೊ ರಾಜ್ಯದ ಏಕ್ರನ್ ನಗರಕ್ಕೆ ಹೋಗಿದ್ದ ಅವರು ಸೋತು, ಬರಿಗೈಯಲ್ಲಿ ಹೋಟೆಲಿನಲ್ಲಿ ಒಂಟಿಯಾಗಿ ಉಳಿದರು. ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್ ಮತ್ತು ಊರಿನ ಚರ್ಚುಗಳ ಪಟ್ಟಿ. ಇನ್ನೊಬ್ಬ ಕುಡುಕನೊಡನೆ ಮಾತನಾಡಿದರೆ ಮಾತ್ರ ತಾನು ಉಳಿಯುವೆನೆಂದು ಅರಿತ ಬಿಲ್ ಟೆಲಿಫೋನಿನತ್ತ ಹೆಜ್ಜೆ ಹಾಕಿದರು. ಒಬ್ಬ ಧರ್ಮಗುರು ಕೊಟ್ಟ ಹೆಸರುಗಳಿಗೆ ಒಂದಾದ ಮೇಲೊಂದು ಕರೆ ಮಾಡಿ, ಕೊನೆಗೆ ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆಯನ್ನು ತಲುಪಿದರು. ಮರುದಿನ, ಮೇ 12ರಂದು, ಆಕೆಯ ಮನೆಯಲ್ಲಿ ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರ ಭೇಟಿಯಾಯಿತು. ಕುಡಿತದಿಂದ ಬಳಲುತ್ತಿದ್ದ ಆ ವೈದ್ಯರು ಕಾಲು ಗಂಟೆ ಮಾತ್ರ ಕೂರುವೆನೆಂದು ಬಂದವರು ರಾತ್ರಿ ತಡವಾಗುವವರೆಗೂ ಏಳಲಿಲ್ಲ. ಬಿಲ್ ಉಪದೇಶ ಮಾಡಲಿಲ್ಲ, ತಮ್ಮ ಕಥೆಯನ್ನೇ ಹೇಳಿದರು. ನಡುವೆ ಒಮ್ಮೆ ಎಡವಿದ ಡಾ. ಬಾಬ್ ಜೂನ್ 10ರಂದು ಕೊನೆಯ ಬಾರಿ ಕುಡಿದರು. ಆ ದಿನವೇ ಎ.ಎ.ಯ ಜನ್ಮದಿನವಾಯಿತು.

ಈ ಕಾರ್ಯಕ್ಕೆ ಕಥೋಲಿಕ ಧಾರ್ಮಿಕರ ಹೆಗಲೂ ದೊರೆಯಿತು. 1939ರಲ್ಲಿ ಏಕ್ರನ್ನಿನ ಸಂತ ತೋಮಸರ ಆಸ್ಪತ್ರೆಯಲ್ಲಿ ಧರ್ಮಭಗಿನಿ ಇಗ್ನೇಶಿಯಾ ಅವರು ಡಾ. ಬಾಬ್ ಕಳುಹಿಸಿದ ವ್ಯಸನಿಗಳಿಗೆ ಹಾಸಿಗೆ ಕೊಟ್ಟರು. ಕುಡುಕರನ್ನು ರೋಗಿಗಳೆಂದು ಸೇರಿಸಿಕೊಳ್ಳಲು ಆಸ್ಪತ್ರೆಗಳು ಹಿಂಜರಿಯುತ್ತಿದ್ದ ಕಾಲವದು. 1940ರಲ್ಲಿ ಯೇಸುಸಭೆಯ ಗುರು ಎಡ್ವರ್ಡ್ ಡೌಲಿಂಗ್ ನ್ಯೂಯಾರ್ಕಿಗೆ ಬಂದು, ಎ.ಎ.ಯ ಹನ್ನೆರಡು ಮೆಟ್ಟಿಲುಗಳಿಗೂ ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳಿಗೂ ಇರುವ ಹೋಲಿಕೆಯನ್ನು ತೋರಿಸಿದರು. ಅಂದಿನಿಂದ ಅವರೇ ಬಿಲ್‌ಗೆ ಆಧ್ಯಾತ್ಮಿಕ ಮಾರ್ಗದರ್ಶಿಯಾದರು. ಬಿಲ್ ಕಥೋಲಿಕ ಸಭೆಯನ್ನು ಸೇರಲಿಲ್ಲ. ಎ.ಎ.ಯೂ ಯಾವ ಮತಕ್ಕೂ ಅಂಟಿಕೊಂಡಿಲ್ಲ.

ಯೇಲ್ ವಿಶ್ವವಿದ್ಯಾಲಯ ನೀಡಬಯಸಿದ ಗೌರವ ಪದವಿಯನ್ನು 1954ರಲ್ಲಿ ಬಿಲ್ ವಿನಯದಿಂದ ನಿರಾಕರಿಸಿದರು. ಆದರೂ ಅವರು ಕುಂದಿಲ್ಲದ ಮನುಷ್ಯರಾಗಿರಲಿಲ್ಲ. ದೀರ್ಘಕಾಲ ಖಿನ್ನತೆ ಕಾಡಿತು. ಸಿಗರೇಟಿನ ಚಟ ಶ್ವಾಸಕೋಶವನ್ನು ಹಾಳುಮಾಡಿತು. 1971ರ ಜನವರಿ 24ರಂದು, ವಿವಾಹದ 53ನೇ ವಾರ್ಷಿಕ ದಿನದಂದೇ, ತೀರಿಕೊಂಡರು. ಹುಟ್ಟೂರಿನ ಸಮಾಧಿಯ ಕಲ್ಲಿನಲ್ಲಿ ಎ.ಎ.ಯ ಹೆಸರೇ ಇಲ್ಲ.

ಅಂದು ಬಿಲ್ ಹಲವು ಕರೆ ಮಾಡಿ ಹುಡುಕಿದ ಆ ಇನ್ನೊಬ್ಬ ಇಂದು ನಮ್ಮ ಕರಾವಳಿಯಲ್ಲೂ ಸಿಗುತ್ತಾನೆ. ಇಲ್ಲೂ ಎ.ಎ. ಗುಂಪುಗಳು ಸೇರುತ್ತವೆ. ಎಲ್ಲಿ, ಯಾವ ವಾರ ಎಂಬುದನ್ನು ಎ.ಎ.ಯ ಸಹಾಯವಾಣಿಯಿಂದ, ಮದ್ಯವ್ಯಸನ ಚಿಕಿತ್ಸಾ ಕೇಂದ್ರಗಳಿಂದ ತಿಳಿಯಬಹುದು. ಸೇರಲು ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ಮೊದಲ ದಿನ ಮಾತನಾಡಬೇಕೆಂದಿಲ್ಲ, ಕುಳಿತು ಕೇಳಿದರೆ ಸಾಕು. ಪೂರ್ತಿ ಹೆಸರು ಹೇಳುವ ಅಗತ್ಯವೂ ಇಲ್ಲ. 'ಮುಕ್ತ ಸಭೆ'ಗೆ ಮನೆಯವರೂ ಹೋಗಬಹುದು. ಕುಟುಂಬದವರಿಗಾಗಿಯೇ ಲೂಯಿಸ್ ಅವರು 1951ರಲ್ಲಿ 'ಆಲ್-ಅನಾನ್' ಬಳಗವನ್ನು ಕಟ್ಟಿದರು. ಒಂದು ಎಚ್ಚರಿಕೆ: ಪ್ರತಿದಿನ ವಿಪರೀತ ಕುಡಿಯುವವರು ಒಮ್ಮೆಲೇ ಬಿಟ್ಟರೆ ನಡುಕ, ಅಪಸ್ಮಾರ ಬಂದು ಜೀವಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರನ್ನು ಕಾಣಬೇಕು.

ನಮ್ಮ ವಾಳೆಗಳ ಗುರಿಕಾರರಲ್ಲಿ, ಧರ್ಮಕೇಂದ್ರದ ಸೇವಕರಲ್ಲಿ ನಮ್ಮ ವಿನಂತಿ ಇಷ್ಟೇ. ಕುಡಿದು ಬಂದವನಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಸಭೆಯ ಬಾಗಿಲವರೆಗೆ ಅವನ ಜೊತೆ ನಡೆದು ಹೋಗುವವರು ಬೇಕಾಗಿದ್ದಾರೆ. ಏಕ್ರನ್ನಿನ ಆ ಧರ್ಮಗುರು ಮಾಡಿದ್ದು ಕೆಲವು ಹೆಸರುಗಳನ್ನು ಕೊಟ್ಟದ್ದು ಮಾತ್ರ. ಅಷ್ಟು ನಮ್ಮಿಂದಲೂ ಸಾಧ್ಯ.